ಹಂಡೆ ಎಲ್ಲಿಡೋದು ಅಂತ ಮೊದಲು ಕೇಳಿ

ನಿಮ್ಮ ಪ್ರಶ್ನೆ ಇಷ್ಟು. ಅಪ್ಪ ಅಮ್ಮ ಇಬ್ಬರೂ ನಿವೃತ್ತರು, ಊರಲ್ಲಿ ಹಳೇ ಮನೆ, ಬಚ್ಚಲು ಜಾರುತ್ತದೆ, ಪಾಯಿಖಾನೆ ಹಿತ್ತಲಲ್ಲಿದೆ. ಸರಿ ಮಾಡಿಸೋಣ ಅಂದರೆ ಅಮ್ಮ ಎರಡು ವರ್ಷದಿಂದ ‘ಹಬ್ಬ ಕಳೀಲಿ’ ಅನ್ನುತ್ತಿದ್ದಾರೆ. ಒಂದು ವಾರದಲ್ಲಿ ಮುಗಿಯುವ ಕೆಲಸವಾ, ಆ ವಾರ ಅವರು ಮನೆಯಲ್ಲೇ ಇರಬಹುದಾ ಅಂತ ಕೇಳಿದ್ದೀರಿ.

ನಾನು ನಿಮ್ಮ ಅಮ್ಮನ ಕಡೆಯವಳು. ವಯಸ್ಸು 63, ಟೀಚರ್ ಆಗಿದ್ದು ನಿವೃತ್ತಳಾದೆ. ನಮ್ಮ ಯಜಮಾನರಿಗೆ 67. ಶಿವಮೊಗ್ಗದಲ್ಲಿ 1984ರಲ್ಲಿ ಮಾವ ಕಟ್ಟಿಸಿದ ಮನೆ ನಮ್ಮದು. ಇದೇ ಕೆಲಸವನ್ನು 2025ರ ದೀಪಾವಳಿಯ ಹಿಂದಿನ ವಾರ ಮಾಡಿಸಿದೆವು. ಮನೆಯಲ್ಲೇ ಇದ್ದೆವು. ವಾರದಲ್ಲಿ ಮುಗಿಯಿತು, ಒಂದು ಬಾಗಿಲು ಬಿಟ್ಟು. ಬಾಗಿಲಿನ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ನಿಮ್ಮ ಅಮ್ಮನ ವಿಷಯ. ಅವರು ಧೂಳಿಗೆ ಹೆದರುತ್ತಿಲ್ಲ, ಖರ್ಚಿಗೂ ಅಲ್ಲ ಅಂತ ನನ್ನ ಅನುಮಾನ. ನನ್ನ ಮಗಳೂ ನಿಮ್ಮ ಹಾಗೇ ಬೆಂಗಳೂರಿನಿಂದ ಫೋನ್ ಮಾಡಿ ಮಾಡಿ ‘ಕಮೋಡ್ ಹಾಕಿಸಮ್ಮ, ಟೈಲ್ಸ್ ಹಾಕಿಸಮ್ಮ’ ಅನ್ನುತ್ತಿದ್ದಳು. ನಾನೂ ಹಬ್ಬದ ನೆಪ ಹೇಳುತ್ತಿದ್ದೆ. ನನ್ನ ತಲೆಯಲ್ಲಿದ್ದದ್ದು ಹಂಡೆ. ಬಚ್ಚಲೊಲೆಯ ಮೇಲೆ ಕೂತ ತಾಮ್ರದ ಹಂಡೆ, ಅತ್ತೆಯದು. ದೀಪಾವಳಿಗೆ ನೀರು ತುಂಬುವ ಹಬ್ಬ ಅಂದರೆ ಅದಕ್ಕೇ ಪೂಜೆ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಒಲೆಕಟ್ಟೆಗೆ ಕೆಮ್ಮಣ್ಣು ಬಳಿದು, ಸುಣ್ಣದ ಪಟ್ಟೆ ಎಳೆದು, ಹಂಡೆಯ ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ, ಬಾವಿಗೆ ಪೂಜೆ ಮಾಡಿ ಜಾಗಟೆ ಹೊಡೆಯುತ್ತಾ ನೀರು ತಂದು ತುಂಬುವುದು. ಬೇರೆ ಕಡೆ ಹಾಗಲಬಳ್ಳಿ ಕಟ್ಟುತ್ತಾರಂತೆ. ವರ್ಷಕ್ಕೊಂದು ದಿನ ಬಚ್ಚಲು ದೇವರ ಮನೆಯಾಗುತ್ತದೆ. ಅಂಥ ಜಾಗಕ್ಕೆ ಕಮೋಡ್ ತಂದು ಕೂರಿಸುತ್ತೇನೆ ಅಂದರೆ ಯಾವ ಬಾಯಲ್ಲಿ ಹೂಂ ಅನ್ನಲಿ? ಹಾಗಂತ ಬಾಯಿಬಿಟ್ಟು ಹೇಳಿದರೆ ಮಕ್ಕಳು ನಗುತ್ತಾರೆ. ಅದಕ್ಕೇ ‘ಹಬ್ಬ ಕಳೀಲಿ’.

ಆದರೆ 2024ರ ದೀಪಾವಳಿಯಲ್ಲಿ ಇವರು ಬಿದ್ದರು. ಮೈತುಂಬ ಎಣ್ಣೆ ಹಚ್ಚಿಕೊಂಡು, ನೀರು ಹೊಯ್ದುಕೊಳ್ಳಲು ಹೋಗಿ ಕಡಪ ಕಲ್ಲಿನ ಮೇಲೆ ಜಾರಿದರು. ಬೀಳುವಾಗ ಕೈಗೆ ಸಿಕ್ಕಿದ್ದು ನಲ್ಲಿ. ಅದೂ ಕಿತ್ತು ಬಂತು. ನಾನು ಓಡಿ ಹೋಗುವಷ್ಟರಲ್ಲಿ ಗೋಡೆಯಿಂದ ನೀರು ಚಿಮ್ಮುತ್ತಿದೆ, ಇವರು ನೆಲದ ಮೇಲೆ ಕೂತು, ಕೈಯಲ್ಲಿ ನಲ್ಲಿ ಹಿಡಿದುಕೊಂಡು, ‘ಟ್ಯಾಂಕಿನ ವಾಲ್ವ್ ಮುಚ್ಚೇ’ ಅಂತ ಕೂಗುತ್ತಿದ್ದಾರೆ. ಮೂಳೆ ಮುರಿಯಲಿಲ್ಲ, ಪುಣ್ಯ. ಆ ವರ್ಷವೆಲ್ಲ ನಾವು ಸ್ನಾನ ಮಾಡಿದ್ದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು.

ಗಂಟು ಬಿಡಿಸಿದ್ದು ಮೇಸ್ತ್ರಿ. ಅಳತೆ ತೆಗೆಯಲು ಬಂದವರು ಟೇಪು ಬಿಚ್ಚುವ ಮೊದಲೇ ಕೇಳಿದರು: “ಅಮ್ಮಾ, ಹಂಡೆ ಎಲ್ಲಿ ಕೂರಿಸೋದು?” ನನ್ನ ಗಂಡ, ಮಗಳು, ಅಳಿಯ ಯಾರೂ ಕೇಳದ ಮಾತು. ಇವರಂತೂ ಅದನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕುವ ಲೆಕ್ಕದಲ್ಲಿದ್ದರು. ಮಗಳು ‘ಹಾಲ್‌ನಲ್ಲಿಟ್ಟು ಗಿಡ ನೆಡೋಣ’ ಅಂದಿದ್ದಳು. ಹಂಡೆಯಲ್ಲಿ ಮನಿಪ್ಲಾಂಟ್! ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೇಸ್ತ್ರಿ ಸುತ್ತ ನೋಡಿ ಒಂದು ದಾರಿ ಹೇಳಿದರು. ಬಚ್ಚಲಿಗೆ ಅಂಟಿಕೊಂಡು ನಮ್ಮ ಸೌದೆ ಕೋಣೆ ಇತ್ತು, ನಾಲ್ಕು ಅಡಿಗೆ ಆರು ಅಡಿ. ಗ್ಯಾಸ್ ಬಂದ ಮೇಲೆ ಅದರಲ್ಲಿ ತೆಂಗಿನ ಮಟ್ಟೆ, ಮುರಿದ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಪಾಯಿಖಾನೆ ಮಾಡಿ ಒಳಗಿನ ಪಡಸಾಲೆಯಿಂದ ಬಾಗಿಲು ಕೊಡೋಣ. ಬಚ್ಚಲು ಬಚ್ಚಲಾಗೇ ಇರಲಿ. ಒಲೆ ತೆಗೆದು, ಆ ಮೂಲೆಯಲ್ಲಿ ಒಂದಡಿ ಎತ್ತರದ ಕಟ್ಟೆ ಕಟ್ಟಿ ಹಂಡೆ ಕೂರಿಸೋಣ. ನಾನು ಅಲ್ಲೇ ಒಪ್ಪಿದೆ. ಎರಡು ವರ್ಷದ ತಕರಾರು ಐದು ನಿಮಿಷದಲ್ಲಿ ಮುಗಿಯಿತು. ನಿಮ್ಮ ಮನೆಯಲ್ಲಿ ಸೌದೆ ಕೋಣೆ ಇಲ್ಲದಿರಬಹುದು, ಹಂಡೆಯ ಬದಲು ಇನ್ನೇನೋ ಇರಬಹುದು. ಅಮ್ಮನನ್ನು ಒಮ್ಮೆ ಕೇಳಿ ನೋಡಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ನಾವು ತಟ್ಟನೆ ಹೇಳುವುದಿಲ್ಲ.

ಈಗ ಕೆಲಸಕ್ಕೆ ಬರೋಣ.

ವಾರ ಅಂದರೆ ಒಡೆಯುವ ದಿನದಿಂದ ಲೆಕ್ಕ. ಅದಕ್ಕೂ ಮುಂಚೆ ನಮಗೆ ಒಂದು ತಿಂಗಳು ಹಿಡಿಯಿತು. ಟೈಲ್ಸ್, ಕಮೋಡ್, ಪೈಪು, ನಲ್ಲಿ, ಗೀಸರ್ ಎಲ್ಲ ಮನೆ ಜಗುಲಿಗೆ ಬಂದು ಬೀಳುವ ತನಕ ಸುತ್ತಿಗೆ ಮುಟ್ಟಿಸಬೇಡಿ. ಒಡೆದಿಟ್ಟು ಅಂಗಡಿಗೆ ಓಡುವವರ ಮನೆಯಲ್ಲಿ ವಾರ ತಿಂಗಳಾಗುತ್ತದೆ.

ಕಮೋಡ್ ವಿಷಯದಲ್ಲಿ ನಾವೂ ಎಡವಿದೆವು. ಇವರು ಫೋನಿನಲ್ಲಿ ಚಿತ್ರ ನೋಡಿ ಒಂದನ್ನು ತರಿಸಿಬಿಟ್ಟರು. ಬಂದದ್ದು ಪಿ-ಟ್ರ್ಯಾಪ್, ಅಂದರೆ ಕೊಳೆನೀರು ಹಿಂದಿನ ಗೋಡೆಯೊಳಗೆ ಹೋಗುವಂಥದ್ದು. ನಮಗೆ ಬೇಕಿದ್ದದ್ದು ನೆಲಕ್ಕೆ ಇಳಿಯುವ ಎಸ್-ಟ್ರ್ಯಾಪ್. ವಾಪಸ್ ಕೊಟ್ಟು ಬರುವುದರಲ್ಲಿ ಒಂದು ವಾರ ಹೋಯಿತು. ಎಸ್-ಟ್ರ್ಯಾಪ್ ಆದರೆ ಗೋಡೆಯಿಂದ ಪೈಪಿನ ನಡುವಿಗೆ ಎಷ್ಟು ದೂರ ಅಂತಲೂ ನೋಡಬೇಕು. ಸಾಮಾನ್ಯವಾಗಿ 9 ಇಂಚು ಅಥವಾ 12 ಇಂಚು ಇರುತ್ತದೆ. ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಎಲ್ಲಿಗೆ ಬರುತ್ತದೋ ಅಲ್ಲಿಂದ ಅಳೆಯಬೇಕು.

ಎರಡನೇ ಸಲ ಇಬ್ಬರೂ ಅಂಗಡಿಗೇ ಹೋಗಿ, ಒಂದೊಂದರ ಮೇಲೂ ಕೂತು ನೋಡಿದೆವು. ಶನಿವಾರ ಸಂಜೆ, ಅಂಗಡಿ ತುಂಬ ಜನ. ನನ್ನ ಹಳೇ ವಿದ್ಯಾರ್ಥಿಯೊಬ್ಬ ‘ನಮಸ್ಕಾರ ಟೀಚರ್’ ಅಂದ, ನಾನು ಕಮೋಡಿನ ಮೇಲೆ ಕೂತೇ ‘ನಮಸ್ಕಾರ ಕಣಪ್ಪ’ ಅಂದೆ. ಮಂಡಿನೋವಿನವರಿಗೆ ಅಂತ 17ರಿಂದ 19 ಇಂಚು ಎತ್ತರದ್ದು ಸಿಗುತ್ತದೆ. ಅದರಲ್ಲಿ ಕೂತು ಏಳುವುದು ಇವರಿಗೆ ಸುಲಭವಾಯಿತು. ನಾನು ಕುಳ್ಳಿ, ನನ್ನ ಪಾದ ನೆಲಕ್ಕೇ ಎಟುಕಲಿಲ್ಲ. ಕೊನೆಗೆ 16 ಇಂಚಿನದು ತಂದೆವು, ಇವರಿಗೆ ಏಳಲು ಪಕ್ಕದಲ್ಲಿ ಹಿಡಿಕೆ. ಮನೆಯಲ್ಲಿ ಇಬ್ಬರಿದ್ದರೆ ಇಬ್ಬರ ಕಾಲನ್ನೂ ಅಳೆಯಿರಿ.

ಆ ಹಿಡಿಕೆಯದು ಒಂದು ಮುಖ್ಯ ಮಾತು. ಟವೆಲ್ ಹಾಕುವ ಕಂಬಿಯನ್ನು ಹಿಡಿಕೆ ಅಂದುಕೊಳ್ಳಬೇಡಿ. ನಮ್ಮ ನಲ್ಲಿಯ ಕತೆಯೇ ಆದೀತು. ಹಿಡಿಕೆಗೆ ಗೋಡೆ ಗಟ್ಟಿ ಇರಬೇಕು, ಆದ್ದರಿಂದ ಟೈಲ್ಸ್ ಹಾಕುವ ಮೊದಲೇ ಹೇಳಿರಬೇಕು. ನಮ್ಮದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಮೇಸ್ತ್ರಿ ಆ ಜಾಗದ ಇಟ್ಟಿಗೆ ಬಿಡಿಸಿ ಕಾಂಕ್ರೀಟ್ ತುಂಬಿದರು. ಎಲ್ಲಿ ತುಂಬಬೇಕು ಅಂತ ಗುರುತು ಮಾಡಿದ್ದು ಹೀಗೆ: ಇವರನ್ನು ಅಲ್ಲಿ ಕುರ್ಚಿ ಹಾಕಿ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಟೀಚರ್ ಮನೆ, ಸೀಮೆಸುಣ್ಣಕ್ಕೆ ಬರ ಇಲ್ಲ.

ಅಕ್ಟೋಬರ್ 13, ಸೋಮವಾರ ಒಡೆಯಲು ಶುರು. ದೇವರ ಮನೆಯ ಬಾಗಿಲಿಗೆ ಹಿಂದಿನ ರಾತ್ರಿಯೇ ಒದ್ದೆ ಪಂಚೆ ತೂಗುಹಾಕಿದ್ದೆ, ಧೂಳು ಅಲ್ಲೇ ಹಿಡಿಯಲಿ ಅಂತ. ಆ ವಾರ ಪೂಜೆ ಬೆಳಿಗ್ಗೆ ಆರಕ್ಕೇ ಮುಗಿಯಬೇಕು, ಆಳುಗಳು ಎಂಟಕ್ಕೆ ಬರುತ್ತಾರೆ. ಮೂರೇ ದಿನಕ್ಕೆ ಪಂಚೆ ಕೆಂಪಾಯಿತು.

ಒಲೆಕಟ್ಟೆ ಒಡೆಯುವಾಗ ನಾನು ನಿಂತು ನೋಡಿದೆ. ಮುರಿದ ಅಂಚಿನಲ್ಲಿ ಪದರ ಪದರವಾಗಿ ಕೆಮ್ಮಣ್ಣು, ಸುಣ್ಣ, ಮತ್ತೆ ಕೆಮ್ಮಣ್ಣು, ಮತ್ತೆ ಸುಣ್ಣ. ನಾವು ಪ್ರತಿ ದೀಪಾವಳಿಗೆ ಬಳಿದದ್ದೆಲ್ಲ ಒಂದರ ಮೇಲೊಂದು ಕೂತಿತ್ತು. ಒಳಗಿನವು ಅತ್ತೆಯ ಕೈಯವು, ಹೊರಗಿನವು ನನ್ನವು. ಎಣಿಸೋಣ ಅಂತ ಬಗ್ಗಿದೆ, ಹನ್ನೊಂದರ ತನಕ ಎಣಿಸಿದೆ, ಅಷ್ಟರಲ್ಲಿ ಹುಡುಗ ಬಾಣಲೆ ತಂದು ‘ಸರೀರಮ್ಮ’ ಅಂದ. ಎಲ್ಲ ಹೋಗಿ ಮನೆ ಮುಂದಿನ ರಸ್ತೆಯ ಹೊಂಡಕ್ಕೆ ಬಿತ್ತು. ಹೊಂಡ ಮುಚ್ಚಿದ್ದಕ್ಕೆ ಪಕ್ಕದ ಮನೆಯವರಿಗೆ ಖುಷಿ.

ಮನೆಯಲ್ಲೇ ಇರಲು ಸಾಧ್ಯವಾದದ್ದು ಒಂದೇ ಕಾರಣಕ್ಕೆ. ಹಿತ್ತಲ ಹಳೇ ಪಾಯಿಖಾನೆಯನ್ನು ಮುಟ್ಟಿರಲಿಲ್ಲ. ನಿಮ್ಮ ಪ್ರಶ್ನೆಗೆ ಇದೇ ಉತ್ತರ ಅಂತ ಇಟ್ಟುಕೊಳ್ಳಿ. ಹೊಸದಕ್ಕೆ ನೀರು ಬಿಟ್ಟು, ಎರಡು ದಿನ ಬಳಸಿ ನೋಡುವ ತನಕ ಹಳೆಯದನ್ನು ಒಡೆಯಬೇಡಿ. ಇರುವುದು ಒಂದೇ, ಅದನ್ನೇ ಒಡೆಯಬೇಕು ಅಂದರೆ ಅಪ್ಪ ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಸ್ನಾನಕ್ಕೆ ನಾನು ಪಕ್ಕದ ಮನೆಗೆ ಹೋಗುತ್ತಿದ್ದೆ. ಇವರು ಮಾತ್ರ ‘ಚಿಕ್ಕವನಿದ್ದಾಗ ಬಾವಿಕಟ್ಟೆಯಲ್ಲೇ ಅಲ್ವಾ ಸ್ನಾನ ಮಾಡ್ತಿದ್ದದ್ದು’ ಅಂತ ಹುರುಪಿನಲ್ಲಿ ಎರಡು ದಿನ ತಣ್ಣೀರು ಸುರಿದುಕೊಂಡರು. ಬುಧವಾರದಿಂದ ಸೀನು ಶುರು. ಆಮೇಲೆ ಅವರೂ ಪಕ್ಕದ ಮನೆಗೇ.

ಮಂಗಳವಾರ ಪೈಪು. ಹಳೇ ಜಿಐ ಪೈಪು ತುಕ್ಕು ಹಿಡಿದು, ಒಳಗೆ ಪೆನ್ಸಿಲ್ ತೂರುವಷ್ಟು ಮಾತ್ರ ಜಾಗ ಉಳಿದಿತ್ತು. ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿದರು. ಬುಧವಾರ ಗಾರೆ, ಅದರ ಮೇಲೆ ನೀರು ಹಿಡಿಯದ ಹಾಗೆ ವಾಟರ್‌ಪ್ರೂಫಿಂಗ್ ಬಳಿದರು. ‘ನೆಲಮಹಡಿಗೆ ಅದ್ಯಾಕೆ’ ಅಂತ ಇವರ ತಕರಾರು. ಬಚ್ಚಲಿನ ಆಚೆ ಬದಿಯ ಅಡುಗೆಮನೆ ಗೋಡೆ ಇಪ್ಪತ್ತು ವರ್ಷದಿಂದ ಉಬ್ಬಿ ಸುಣ್ಣ ಉದುರಿಸುತ್ತಿರುವುದನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಬಳಿದದ್ದು ಒಣಗಿದ ಮೇಲೆ ನೀರು ಹೊರಹೋಗುವ ಕಂಡಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಡಬೇಕು. ನೀರಿನ ಮಟ್ಟ ಇಳಿಯಿತೋ, ಪಕ್ಕದ ಗೋಡೆ ಒದ್ದೆಯಾಯಿತೋ ನೋಡಬೇಕು. ಈ ಒಂದು ದಿನವನ್ನು ಉಳಿಸಲು ಹೋಗಬೇಡಿ. ಆಳುಗಳಿಗೂ ಹಬ್ಬದ ಅವಸರ ಇರುತ್ತದೆ, ‘ಬೇಡ ಬಿಡಿ ಸಾರ್’ ಅನ್ನುತ್ತಾರೆ. ಬೇಕು ಅನ್ನಿ.

ಹಾಗೆ ಗುರುವಾರ ಕೆಲಸ ಇಲ್ಲ, ಮನೆ ಶಾಂತ. ಇಬ್ಬರೂ ಕೂಡಲಿಗೆ ಹೋದೆವು. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಆಸುಪಾಸು, ತುಂಗೆ ಭದ್ರೆ ಕೂಡಿ ತುಂಗಭದ್ರೆಯಾಗುವ ಜಾಗ. ‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುತ್ತಾರಲ್ಲ, ಮನೆಯಲ್ಲಿ ಬಚ್ಚಲಿಲ್ಲದವರಿಗೆ ತುಂಗೆಯಲ್ಲೇ ಸ್ನಾನವೂ ಆಗಲಿ ಅಂತ ಇವರ ಹಾಸ್ಯ. ಮಳೆಗಾಲ ಕಳೆದು ಹೊಳೆಯಲ್ಲಿ ಇನ್ನೂ ನೀರು ಜೋರಿತ್ತು. ಇಳಿಯಲಿಲ್ಲ. ಸೋಪಾನದಲ್ಲಿ ಕೂತು ಚೊಂಬಿನಲ್ಲಿ ತಲೆಗೆ ಹೊಯ್ದುಕೊಂಡೆವು. ಸಂಗಮೇಶ್ವರನಿಗೆ ಕೈಮುಗಿದು, ತಂದಿದ್ದ ಚಿತ್ರಾನ್ನ ತಿಂದು, ಸಂಗಮದ ಪುಟ್ಟ ನಂದಿ ಗುಡಿ ನೋಡುತ್ತಾ ಸುಮ್ನೆ ಕೂತೆವು. ಕೆಲಸದಲ್ಲಿದ್ದಾಗ ಗುರುವಾರ ಮಧ್ಯಾಹ್ನ ಹೀಗೆ ಕೂತದ್ದೇ ಇಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ಕೂತಿರಲಿಲ್ಲ, ಅದಕ್ಕೆ ಯಾರನ್ನು ಬೈಯುವುದು? ‘ಮೇಸ್ತ್ರಿ ಇನ್ನೂ ಒಂದು ದಿನ ನೀರು ನಿಲ್ಲಿಸಬೇಕು ಅಂದರೆ ಚೆನ್ನಾಗಿತ್ತು’ ಅಂದರು ಇವರು. ಸಂಜೆ ಬಂದು ನೋಡಿದರೆ ನೀರು ಇಟ್ಟಷ್ಟೇ ಇತ್ತು.

ಶುಕ್ರವಾರ, ಶನಿವಾರ ಟೈಲ್ಸ್. ನೆಲಕ್ಕೆ ಹೊಳಪಿಲ್ಲದ, ಒರಟು ಟೈಲ್ಸ್ ಹಾಕಿಸಿ. ಅಂಗಡಿಯಲ್ಲಿ ಒಣಗಿದ್ದನ್ನು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ನಾಲ್ಕು ಬಗೆಯದರ ಒಂದೊಂದು ತುಂಡು ಮನೆಗೆ ತಂದು, ಅವುಗಳ ಮೇಲೆ ಕೊಬ್ಬರಿ ಎಣ್ಣೆಯನ್ನೂ ಸೋಪಿನ ನೀರನ್ನೂ ಹಾಕಿ ಹೆಬ್ಬೆರಳಲ್ಲಿ ತಿಕ್ಕಿ ನೋಡಿದ್ದೆ. ನಾಲ್ಕರಲ್ಲಿ ಮೂರು ಫೇಲು. ನೀರು ಕಂಡಿಯ ಕಡೆ ಓಡಲು ನಾಲ್ಕು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ಮೇಸ್ತ್ರಿ ರಸಮಟ್ಟ ಇಟ್ಟು ತೋರಿಸಿದರು, ಇವರು ಅಷ್ಟಕ್ಕೆ ಬಿಡದೆ ಗೋಲಿ ಉರುಳಿಸಿ ನೋಡಿದರು. ಹಳೇ ಬಚ್ಚಲಿಗೆ ಇದ್ದ ನಾಲ್ಕು ಇಂಚಿನ ಹೊಸ್ತಿಲು ತೆಗೆಸಿದೆವು, ಎಡವುವುದು ಅಲ್ಲೇ ತಾನೇ. ಪಾಯಿಖಾನೆಯ ಬಾಗಿಲು ಹೊರಗಡೆಗೆ ತೆರೆಯುವಂತೆ ಇರಲಿ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡವಾಗೇ ಬೀಳುತ್ತಾರೆ, ಒಳಕ್ಕೆ ತಳ್ಳುವ ಬಾಗಿಲಾದರೆ ತೆಗೆಯಲಾಗುವುದಿಲ್ಲ. ಗೀಸರ್ ಸ್ವಿಚ್ಚು ಬಚ್ಚಲಿನ ಹೊರಗಿರಲಿ. ಹಳೇ ಮನೆಯ ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಕರೆಂಟು ಸೋರಿದರೆ ಜೀವಕ್ಕೆ ಅಪಾಯವಾಗುವ ಮೊದಲೇ ಕತ್ತರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಖರ್ಚು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡೂ ಕೋಣೆ ಸೇರಿ, ಗೀಸರ್ ಸಹಿತ ನಮಗೆ 1,64,000 ರೂಪಾಯಿ ಆಯಿತು. ಮಗ ದುಡ್ಡು ಕಳಿಸುತ್ತೇನೆ ಅಂದ. ಇವರು ಬೇಡ ಅಂದರು. ನಮ್ಮ ಪಿಂಚಣಿ ಉಳಿತಾಯದಲ್ಲೇ ಮಾಡಿಸಿದ್ದರಿಂದ ಟೈಲ್ಸ್ ಬಣ್ಣದ ಬಗ್ಗೆ ಯಾರ ಮಾತನ್ನೂ ಕೇಳಬೇಕಾಗಲಿಲ್ಲ. ನೀವು ಕೊಡುವುದಾದರೆ ಕೊಡಿ, ಬಣ್ಣ ಮಾತ್ರ ಅವರೇ ಆರಿಸಲಿ.

ಶನಿವಾರ ರಾತ್ರಿ ಬೆಂಗಳೂರಿನ ರೈಲಿನಲ್ಲಿ ಮಗಳು, ಅಳಿಯ, ಮೊಮ್ಮಗ ಬಂದಿಳಿದರು. ಮೊಮ್ಮಗನಿಗೆ ಏಳು ವರ್ಷ. ಪಾಯಿಖಾನೆಗೆ ಬಾಗಿಲಿಲ್ಲದ್ದು ನೋಡಿ ಅವನಿಗಾದ ಸಂತೋಷ ಹೇಳತೀರದು. ಬಾಗಿಲು ಶುಕ್ರವಾರವೇ ಬರಬೇಕಿತ್ತು. ಅಂಗಡಿಯವರು ‘ನಾಳೆ ಅಮ್ಮ’ ಅನ್ನುತ್ತಾ ಭಾನುವಾರದ ತನಕ ಎಳೆದು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ನನ್ನ ಹಳೇ ಇಳಕಲ್ ಸೀರೆ ಪರದೆಯಾಯಿತು. ಒಳಗೆ ಹೋಗುವವರು ಹಾಡು ಹೇಳುತ್ತಲೇ ಇರಬೇಕು, ಹಾಡು ನಿಂತರೆ ಖಾಲಿ ಅಂತ ಅರ್ಥ. ಇದು ಮೊಮ್ಮಗನ ಕಾನೂನು. ನಮ್ಮ ಅಳಿಯ ಬಹಳ ಸಂಕೋಚದ ಮನುಷ್ಯ. ಪಾಪ, ಅವರಿಗೆ ಬರುವುದು ನಾಡಗೀತೆ ಒಂದೇ.

ಭಾನುವಾರ ಸಂಜೆ ನೀರು ತುಂಬುವ ಹಬ್ಬ. ಹೊಸ ಕಟ್ಟೆಯ ಮೇಲೆ ಹಂಡೆ ಕೂರಿಸಿದೆವು. ಟೈಲ್ಸ್ ಮೇಲೆ ಕೆಮ್ಮಣ್ಣು ಹಿಡಿಯುವುದಿಲ್ಲ, ಅದಕ್ಕೇ ಕಟ್ಟೆಗೆ ಮಾತ್ರ ಟೈಲ್ಸ್ ಬೇಡ, ಬರೀ ಗಾರೆ ಸಾಕು ಅಂತ ಮೊದಲೇ ಹಟ ಹಿಡಿದಿದ್ದೆ. ಮಗಳು ಕೆಮ್ಮಣ್ಣು ಬಳಿದಳು, ನಾನು ಸುಣ್ಣದ ಪಟ್ಟೆ ಎಳೆದೆ. ಮೊಮ್ಮಗ ಜಾಗಟೆ ಹೊಡೆದು ಹೊಡೆದು ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದ. ಬಾವಿಯಿಂದ ಒಂದು ಕೊಡ ನೀರು ತಂದು ಹೊಯ್ದೆವು, ಉಳಿದದ್ದನ್ನು ನಲ್ಲಿಯಿಂದ ತುಂಬಿದೆವು.

ಪೂರ್ತಿ ಸಮಾಧಾನ ಆಯಿತಾ ಅಂದರೆ ಇಲ್ಲ. ಹಂಡೆಯ ಕೆಳಗೆ ಬೆಂಕಿ ಇಲ್ಲ. ಬೆಳಿಗ್ಗೆ ಗೀಸರಿನ ಬಿಸಿನೀರನ್ನು ಹಂಡೆಗೆ ಬೆರೆಸಿ ಅದರಿಂದ ತೋಡಿ ಹೊಯ್ದುಕೊಳ್ಳುವುದು ಒಂದು ಒಪ್ಪಂದ, ಅಷ್ಟೆ. ಆ ನೀರಿಗೆ ಹೊಗೆ ವಾಸನೆ ಇಲ್ಲ. ನನ್ನ ಮೂಗು ಅದನ್ನು ಹುಡುಕಿತು.

ಸೋಮವಾರ ನರಕ ಚತುರ್ದಶಿ. ನಾಲ್ಕೂವರೆಗೆ ಎಲ್ಲರನ್ನೂ ಎಬ್ಬಿಸಿ, ಮಣೆ ಹಾಕಿ ಕೂರಿಸಿ, ಎಣ್ಣೆ ಹಚ್ಚಿ ಆರತಿ ಎತ್ತಿದೆವು. ಇವರು ಮೈತುಂಬ ಎಣ್ಣೆಯಲ್ಲಿ ಬಚ್ಚಲಿಗೆ ಹೊರಟಾಗ ಮನೆಯವರೆಲ್ಲ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆವು. ಅವರು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಹೆಬ್ಬೆರಳನ್ನು ನೆಲಕ್ಕೆ ಒತ್ತಿ ನೋಡಿ, ‘ಎಲ್ಲರೂ ಆಚೆ ಹೋಗ್ರಪ್ಪ, ಸ್ನಾನ ಮಾಡ್ತೀನಿ’ ಅಂದರು.

ಬಾಗಿಲು ಬಂದದ್ದು ಬಲಿಪಾಡ್ಯಮಿ ಕಳೆದು ಮೂರನೇ ದಿನ, ಮಕ್ಕಳೆಲ್ಲ ಹೊರಟು ಹೋದ ಮೇಲೆ. ಅರ್ಧ ಇಂಚು ದೊಡ್ಡದಾಗಿತ್ತು. ಕೆತ್ತಿಸಿಕೊಂಡು ಬರಲು ಮತ್ತೆ ಎರಡು ದಿನ ಹಿಡಿಯಿತು. ಅಲ್ಲಿಯ ತನಕ ಮನೆಯಲ್ಲಿ ನಾವಿಬ್ಬರೇ ಇದ್ದರೂ, ಒಳಗೆ ಹೋದವರು ಹಾಡುವುದನ್ನು ಬಿಡಲಿಲ್ಲ.